ಬಳಸಿದ ಜಿಗಣೆ ಇನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ

ವೈದ್ಯರಿಗೂ ಚಿಕಿತ್ಸಾಲಯದ ಸಿಬ್ಬಂದಿಗೂ ದಾವಣಗೆರೆಯಿಂದ ನಮಸ್ಕಾರ.

ಇಷ್ಟು ದಿನ ನೀವು ರೋಗಿಗಳ ರಕ್ತ ಹೀರಿಸಲು ಬಳಸಿದ ಜಿಗಣೆ ತಂದುಕೊಟ್ಟರೆ ಮುಂದಿನ ಬಿಲ್ಲಿನಲ್ಲಿ ಸ್ವಲ್ಪ ಹಣ ಕಳೆಯುತ್ತಿದ್ದೆವು. ಅವನ್ನು ಮರಿ ಮಾಡಿಸಲು ಕೊಳಕ್ಕೆ ಬಿಡುತ್ತಿದ್ದೆವು. ಮುಂದಿನ ತಿಂಗಳ 1ನೇ ತಾರೀಖಿನಿಂದ ಇದನ್ನು ನಿಲ್ಲಿಸುತ್ತಿದ್ದೇವೆ. ನಿಮಗೆ ಖರ್ಚು ಜಾಸ್ತಿ ಆಗುತ್ತದೆ, ಗೊತ್ತು. ಅದಕ್ಕೇ ಕಾರಣ ಬಿಡಿಸಿ ಹೇಳುತ್ತೇವೆ.

ಜಿಗಣೆ ಒಮ್ಮೆ ಹೊಟ್ಟೆ ತುಂಬ ಕುಡಿದರೆ ಆ ರಕ್ತ ಅರಗಲು ತಿಂಗಳುಗಟ್ಟಲೆ ಬೇಕು. ಅದರ ಕರುಳಿನಲ್ಲಿ ಏರೋಮೊನಾಸ್ ಎಂಬ ಬ್ಯಾಕ್ಟೀರಿಯಾ ಇರುತ್ತದೆ. ರಕ್ತದಲ್ಲಿ ಕಡಿಮೆ ಇರುವ ಬಿ ವಿಟಮಿನ್‌ಗಳನ್ನು ಜಿಗಣೆಗೆ ಒದಗಿಸುವುದು ಇಂಥ ಬ್ಯಾಕ್ಟೀರಿಯಾಗಳೇ ಇರಬೇಕು ಎಂದು ವಿಜ್ಞಾನಿಗಳು ಹೇಳುತ್ತಾರೆ. ಬ್ಯಾಕ್ಟೀರಿಯಾ ಇಲ್ಲದ ಜಿಗಣೆ ಕೊಡಿ ಅಂತ ಕೆಲವರು ಕೇಳುತ್ತೀರಲ್ಲ, ಅದು ಆಗದ ಮಾತು.

ಜಿಗಣೆಗೆ ಒಳ್ಳೆಯದಾದ ಈ ಏರೋಮೊನಾಸ್ ರೋಗಿಯ ಗಾಯಕ್ಕೆ ಇಳಿದರೆ ಸೋಂಕು ಆಗಬಹುದು. ಆಂಪಿಸಿಲಿನ್ ಎಂಬ ಆಂಟಿಬಯೋಟಿಕ್‌ಗೆ ಇದು ಸಾಮಾನ್ಯವಾಗಿ ಬಗ್ಗುವುದಿಲ್ಲ. ತುಂಡಾದ ಬೆರಳನ್ನು ಜೋಡಿಸಿದ ಮೇಲೆ ಜಿಗಣೆ ಹಚ್ಚುವ ದೊಡ್ಡ ಆಸ್ಪತ್ರೆಗಳಲ್ಲಿ ಸಿಪ್ರೊಫ್ಲಾಕ್ಸಸಿನ್‌ನಂಥ ಔಷಧಿಯನ್ನು ಮೊದಲೇ ಕೊಡುವುದು ಇದಕ್ಕೇ.

ಆ ಸಿಪ್ರೊ ಕೂಡ ಕೆಲಸ ಮಾಡದಿದ್ದರೆ? 2018ರಲ್ಲಿ ಅಮೆರಿಕದ ಸಂಶೋಧಕರು ಇದನ್ನೇ ನೋಡಿದರು. ಸಾಕಿದ ಜಿಗಣೆಗಳ ಹೊಟ್ಟೆಯಲ್ಲಿ ತೀರಾ ಕಡಿಮೆ ಪ್ರಮಾಣದಲ್ಲಿ ಇದೇ ಔಷಧಿ ಸಿಕ್ಕಿತು. ಕುಡಿಸಿದ ಕೋಳಿ ರಕ್ತದಿಂದ ಬಂದಿರಬೇಕು ಎಂಬುದು ಅವರ ಅಂದಾಜು. ಸಿಪ್ರೊಗೆ ಬಗ್ಗದ ಏರೋಮೊನಾಸ್ ಮೇಲುಗೈ ಪಡೆಯಲು ಅಷ್ಟೇ ಸಾಕಾಗಿತ್ತು. ಅದು ಯುರೋಪಿನ ಜಿಗಣೆ, ನಮ್ಮ ಎಮ್ಮೆ ಹೊಂಡದ ಜಿಗಣೆ ಬೇರೆ ಜಾತಿ, ನಿಜ. ಹಾಗಂತ ಸುಮ್ನೆ ಕೂರಲು ನಮಗೆ ಧೈರ್ಯವಿಲ್ಲ.

ಯಾಕೆಂದರೆ ನಿಮ್ಮ ಹತ್ತಿರ ಬರುವ ರೋಗಿಗಳಲ್ಲಿ ಎಷ್ಟೋ ಜನ ಬೇರೆ ಕಡೆ ಇಂಥ ಮಾತ್ರೆ ನುಂಗಿಯೇ ಬಂದಿರುತ್ತಾರೆ, ಅಲ್ವಾ? ಆ ರಕ್ತ ಕುಡಿದ ಜಿಗಣೆ ವಾಪಸ್ ನಮ್ಮ ಕೊಳಕ್ಕೆ ಬರುತ್ತದೆ. ಜಿಗಣೆ ಕೆಲವು ದಿನಕ್ಕೊಮ್ಮೆ ಮೈಮೇಲಿನ ಲೋಳೆ ಕಳಚುತ್ತದೆ. ಆ ಲೋಳೆಯಿಂದ ಬ್ಯಾಕ್ಟೀರಿಯಾ ಒಂದು ಜಿಗಣೆಯಿಂದ ಇನ್ನೊಂದಕ್ಕೆ ದಾಟಬಲ್ಲದು. ನಾಲ್ಕು ಜಿಗಣೆ ಬಂದರೂ ಇಡೀ ಕೊಳಕ್ಕೆ ಅಂಟಬಹುದು. ಆಮೇಲೆ ಎಳೆ ಮರಿ ಕೊಟ್ಟರೂ ಅದು ಹೊಸದು ಎಂದು ಯಾವ ಬಾಯಲ್ಲಿ ಹೇಳೋಣ?

ಕುಡಿದ ರಕ್ತವನ್ನು ಜಿಗಣೆಯಿಂದ ವಾಂತಿ ಮಾಡಿಸಿಯೇ ಕೊಡುತ್ತೇವೆ ಎನ್ನುವವರಿದ್ದೀರಿ. ಅಕ್ಕಿಹಿಟ್ಟು ಸವರಿ, ಬಾಯಿಗೆ ಎಣ್ಣೆ ಉಪ್ಪು ಹಚ್ಚುವ ಕ್ರಮ ಸುಶ್ರುತ ಸಂಹಿತೆಯಲ್ಲೇ ಇದೆ. ಅದರಿಂದ ರಕ್ತ ಹೊರಗೆ ಬರುತ್ತದೆ. ಕರುಳಿನ ಬ್ಯಾಕ್ಟೀರಿಯಾ ಪೂರ್ತಿ ಹೋಗುವುದಿಲ್ಲ. ಹಾಗಾಗಿ ಒಬ್ಬ ರೋಗಿಗೆ ಹಚ್ಚಿದ್ದನ್ನು ಇನ್ನೊಬ್ಬರಿಗೆ ಹಚ್ಚಲೇಬೇಡಿ.

ಬಳಸಿದ್ದನ್ನು ಸ್ಪಿರಿಟ್‌ನಲ್ಲಿ ಹಾಕಿ ಸಾಯಿಸಿ, ಚಿಕಿತ್ಸಾಲಯದ ಉಳಿದ ವೈದ್ಯಕೀಯ ತ್ಯಾಜ್ಯದ ಜೊತೆ ಕಳಿಸಿ. ಪಾಪ ಅನ್ನಿಸಿ ಕುಂದವಾಡ ಕೆರೆಗೆ ಬಿಟ್ಟು ಬಂದವರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕೆರೆಗೂ ಚಾನಲ್‌ಗೂ ಬಿಡಬಾರದು.

ಈಗ ನಿಮ್ಮಲ್ಲಿರುವ ಬಳಸಿದ ಜಿಗಣೆಗಳಿಗೆ ಈ ತಿಂಗಳ ಕೊನೆವರೆಗೆ ಹಳೇ ಲೆಕ್ಕದಲ್ಲೇ ಹಣ ಕಳೆಯುತ್ತೇವೆ. ಅವು ಕೊಳಕ್ಕೆ ಹೋಗುವುದಿಲ್ಲ, ಅಷ್ಟೇ. ಹೊಸ ಜಿಗಣೆಯ ದರ ಏರಿಸಿಲ್ಲ. ಚಿತ್ರದುರ್ಗ, ಹೊಳಲ್ಕೆರೆ ಕಡೆಯವರು ಒಟ್ಟಿಗೆ ಆರ್ಡರ್ ಕೊಟ್ಟರೆ ಸಾಗಣೆ ಖರ್ಚು ನಮ್ಮದು.

ಇಂತಿ,
ಜಿಗಣೆ ಸಾಕಣೆ ಬಳಗ, ದಾವಣಗೆರೆ