ಮಗಳಿಗೊಂದು ಪತ್ರ: ಉತ್ತರ ದಿಕ್ಕಿನ ಬಗ್ಗೆ

ಪ್ರೀತಿಯ ಪುಟ್ಟಿ,

ಬೀಜಿಂಗ್ ತಲುಪಿದೆ ಅಂತ ಅಮ್ಮನಿಗೆ ಮೆಸೇಜು ಬಂತು. ನನಗೆ ಬರಲಿಲ್ಲ. ಹೊರಡುವ ಹಿಂದಿನ ರಾತ್ರಿ ಏನೇನು ಮಾತಾಯಿತು ಅಂತ ಇಬ್ಬರಿಗೂ ಗೊತ್ತು, ಮತ್ತೆ ಕೆದಕುವುದಿಲ್ಲ. ಏರ್‌ಪೋರ್ಟಿಗೆ ನಾನು ಬರಬೇಕಿತ್ತು. ಅಷ್ಟೇ.

ನೀನು ಬಿಟ್ಟುಹೋದ ಚೀನೀ ಕಾಪಿ ಪುಸ್ತಕ ಮೇಜಿನ ಮೇಲೇ ಇದೆ. ಒಂದು ಪುಟದ ತುಂಬ ಒಂದೇ ಅಕ್ಷರ, ‘ಬೇಯ್’. ಉತ್ತರ ದಿಕ್ಕು. ಬೀಜಿಂಗ್ ಅಂದರೆ ಉತ್ತರದ ರಾಜಧಾನಿಯಂತೆ, ಅದರ ಮೊದಲಕ್ಷರವೇ ಇದು. ಐದೇ ಗೆರೆ ಅಲ್ವಾ ಅಂತ ನಾನೂ ಬರೆದು ನೋಡಿದೆ. ಎಡಕ್ಕೆ ಮೂರು, ಬಲಕ್ಕೆ ಎರಡು. ಮೂರನೆಯದನ್ನು ಕೆಳಗಿನಿಂದ ಮೇಲಕ್ಕೆ ಎಳೆಯಬೇಕು, ಕೊನೆಯದರ ತುದಿಗೆ ಕೊಕ್ಕೆ. ನನ್ನದು ಮುರಿದ ಕುರ್ಚಿಯ ಹಾಗೆ ಬಂತು. ನಿನ್ನದು ಚೆನ್ನಾಗಿದೆ, ನಿನ್ನ ಕನ್ನಡ ಅಕ್ಷರಕ್ಕಿಂತ ಚೆನ್ನಾಗಿದೆ.

ಆಮೇಲೆ ಕೂತು ಓದಿದೆ. ಮೂರು ಸಾವಿರ ವರ್ಷದ ಹಿಂದೆ ಆಮೆಚಿಪ್ಪು, ದನದ ಮೂಳೆಗಳ ಮೇಲೆ ಕೊರೆಯುತ್ತಿದ್ದಾಗ ಇದು ಬೆನ್ನಿಗೆ ಬೆನ್ನು ಹಾಕಿ ನಿಂತ ಇಬ್ಬರ ಚಿತ್ರ. ಮೊದಲಿದ್ದ ಅರ್ಥ ಬೆನ್ನು. ರಾಜ ಕೂರುತ್ತಿದ್ದುದು ದಕ್ಷಿಣಕ್ಕೆ ಮುಖ ಮಾಡಿ, ಮನೆಗಳ ಮುಖವೂ ಬಿಸಿಲಿಗಾಗಿ ಆ ಕಡೆಗೇ. ಬೆನ್ನು ಬಿದ್ದ ಕಡೆ ಉತ್ತರವಾಯಿತು. ಬೆನ್ನಿಗೆ ಬೇರೆ ಅಕ್ಷರ ಬೇಕಲ್ಲ, ಇದರ ಕೆಳಗೇ ಮಾಂಸದ ಗುರುತು ಸೇರಿಸಿಕೊಂಡರು. ಸೋತು ಓಡುವವನ ಬೆನ್ನೇ ಕಾಣುವುದು, ಹಾಗಾಗಿ ಸೋಲು ಅನ್ನುವ ಮಾತಿನಲ್ಲೂ ಇದು ಉಳಿದಿದೆ.

ಕ್ರಿ.ಶ. 100ರ ಹೊತ್ತಿಗೆ ಶೂ ಶೆನ್ ಎಂಬ ಪಂಡಿತ ತನ್ನ ನಿಘಂಟಿನಲ್ಲಿ ಇದಕ್ಕೆ ‘ಗ್ವಾಯ್’ ಅಂತ ಅರ್ಥ ಬರೆದ. ಆಗ ಅದು ಹೊಂದಿಕೆ ಇಲ್ಲದ್ದು, ಎದುರು ಬೀಳುವುದು. ಈಗ ಅಲ್ಲಿ ಹೇಳಿದ ಮಾತು ಕೇಳುವ ಮಗುವನ್ನು ಗ್ವಾಯ್ ಅನ್ನುತ್ತಾರೆ! ನನಗೆ ನಗು ತಡೆಯಲಿಲ್ಲ. ಅಮ್ಮನಿಗೆ ಹೇಳಿದರೆ ಅವಳು ನಗಲಿಲ್ಲ. “ಅಪ್ಪ ಮಗಳು ಇಬ್ಬರಿಗೂ ಹೊಂದುತ್ತೆ ಬಿಡಿ” ಅಂದಳು.

ನನ್ನ ಭಯ ಬೇರೆ. ನಿನ್ನ ಊರಿನಲ್ಲಿ ಬೀಜಿಂಗ್ ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಅಂತ ರೈಲು ನಿಲ್ದಾಣಗಳಿವೆ. ಉತ್ತರದ್ದು ‘ಬೀಜಿಂಗ್ ಬೇಯ್’, ಹೆಸರಿನ ಎರಡೂ ತುದಿಗೆ ಇದೇ ಅಕ್ಷರ. ದಾರಿ ಕೇಳಿದರೂ ಎಡ, ಬಲ ಬಿಟ್ಟು ಉತ್ತರಕ್ಕೆ ಹೋಗು ಅನ್ನುವ ಜನ. ನಿನಗೋ ದಿಕ್ಕು ಯಾವತ್ತೂ ತಿಳಿದಿಲ್ಲ. ಶಿರಸಿ ಜಾತ್ರೆಯಲ್ಲಿ ತೊಟ್ಟಿಲ ಹತ್ತಿರವೇ ನಿಂತಿರು ಅಂದಿದ್ದೆ. ನೀನು ನಿಲ್ಲಲಿಲ್ಲ. ಬಳೆ ಅಂಗಡಿ ಸಾಲಿನ ಕೊನೆಯಲ್ಲಿ ಸಿಕ್ಕೆ, ಕೈಯಲ್ಲಿ ಅಂಗಡಿಯವಳು ಕೊಟ್ಟ ಕೆಂಪು ಬಳೆ. ಅಳುತ್ತಿದ್ದವನು ನಾನು. ಇಷ್ಟು ದೊಡ್ಡವಳಾದರೂ ನಿನ್ನ ಫೋನು ಸ್ವಿಚ್ ಆಫ್ ಬಂದರೆ ನನಗೆ ಆ ಬಳೆ ಸಾಲೇ ಕಣ್ಣೆದುರು ಬರುತ್ತದೆ. ಅಷ್ಟು ಜನ, ಅಷ್ಟು ಗದ್ದಲ, ಯಾರ ಲಂಗ ಕಂಡರೂ ನಿನ್ನದೇ ಅನಿಸುತ್ತಿತ್ತು.

ಆದ್ದರಿಂದ ವಿಳಾಸ ಬರೆದ ಚೀಟಿ ಜೇಬಿನಲ್ಲಿರಲಿ. ಜನವರಿಯ ಚಳಿ ಸೊನ್ನೆಗಿಂತ ಕೆಳಗೆ, ಕಿವಿ ಮುಚ್ಚಿಕೋ. ಉತ್ತರಕ್ಕೆ ತಲೆ ಹಾಕಿ ಮಲಗಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು. ಮತ್ತೆ ಭಾಷಣ ಶುರುವಾಯಿತು ನೋಡು.

ನಿನ್ನ ಸ್ಕಾಲರ್‌ಶಿಪ್ ಪತ್ರದ ಜೆರಾಕ್ಸ್ ನನ್ನ ಜೇಬಿನಲ್ಲಿದೆ. ಹಾಲಿನವನೂ ನೋಡಿಯಾಯಿತು.

ಅಮ್ಮ ಸ್ವೆಟರ್ ಕಳಿಸುತ್ತಾಳೆ. ಹಾಸ್ಟೆಲ್ ವಿಳಾಸವನ್ನು ಚೀನೀ ಅಕ್ಷರದಲ್ಲೇ ದೊಡ್ಡದಾಗಿ ಬರೆದು ಫೋಟೋ ಕಳಿಸು. ಪಾರ್ಸೆಲ್ ಮೇಲೆ ನಾನೇ ಬರೆಯುತ್ತೇನೆ. ಮೆಸೇಜು ನನ್ನ ನಂಬರಿಗೆ ಬರಲಿ.

ನಿನ್ನ ಅಪ್ಪ