ಕತ್ತರಿಸಿ ನೋಡಿದರೆ ತಿಳಿಯುವ ಗಣಿತ

ಮಾನ್ಯರೇ,

ಸಂಯುಕ್ತ ಆಕೃತಿಗಳ, ಅಂದರೆ ಆಯತ, ಚೌಕದಂತಹ ಸರಳ ಆಕೃತಿಗಳನ್ನು ಸೇರಿಸಿ ಅಥವಾ ಕಳೆದು ಮಾಡಿದ ಆಕೃತಿಗಳ ಪಾಠವನ್ನು ಸೂತ್ರಗಳಿಂದಲೇ ಆರಂಭಿಸಿದರೆ ಎಷ್ಟೋ ಮಕ್ಕಳು ವಿಸ್ತೀರ್ಣವನ್ನೂ ಸುತ್ತಳತೆಯನ್ನೂ ಒಂದೇ ಎಂದು ಭಾವಿಸಿ ಗೊಂದಲಕ್ಕೀಡಾಗುತ್ತಾರೆ. ಬದಲಿಗೆ 6 ಸೆಂ.ಮೀ. ಉದ್ದ, 4 ಸೆಂ.ಮೀ. ಅಗಲದ ರಟ್ಟಿನ ಆಯತವೊಂದನ್ನು ಕೈಗೆ ಕೊಟ್ಟು, ಅದರ ಮೂಲೆಯಿಂದ 2 ಸೆಂ.ಮೀ. ಬಾಹುವಿನ ಚೌಕವೊಂದನ್ನು ಕತ್ತರಿಸಲು ಹೇಳಿ, ಏನೇನು ಬದಲಾಯಿತೆಂಬ ಒಗಟನ್ನು ಅವರ ಮುಂದಿಡಬೇಕು. ವಿಸ್ತೀರ್ಣ 24ರಿಂದ 20 ಚದರ ಸೆಂ.ಮೀ.ಗೆ ಇಳಿದರೂ, ಅಂಚಿನುದ್ದಕ್ಕೂ ದಾರವಿಟ್ಟು ಅಳೆದಾಗ ಸುತ್ತಳತೆ ಮೊದಲಿನ 20 ಸೆಂ.ಮೀ. ಆಗಿಯೇ ಉಳಿದಿರುವುದನ್ನು ಕಂಡು ಅವರು ತಾವಾಗಿಯೇ ಕಾರಣ ಹುಡುಕತೊಡಗುತ್ತಾರೆ. ಅದೇ ಚೌಕವನ್ನು ಉದ್ದ ಬದಿಯ ನಡುವಿನಿಂದ ತೆಗೆದರೆ ಸುತ್ತಳತೆ 24 ಸೆಂ.ಮೀ.ಗೆ ಏರುತ್ತದೆ, ಈ ವ್ಯತ್ಯಾಸವನ್ನು ಕಪ್ಪುಹಲಗೆಯ ಲೆಕ್ಕ ಇಷ್ಟು ಸ್ಪಷ್ಟವಾಗಿ ತೋರಿಸಲಾರದೆಂಬುದು ನನ್ನ ದೃಢ ಅಭಿಪ್ರಾಯ. ಪಠ್ಯ ರಚಿಸುವವರು ಇಂತಹ ಚಟುವಟಿಕೆಯನ್ನು ಅಧ್ಯಾಯದ ಕೊನೆಗೆ ತಳ್ಳದೆ, ಸೂತ್ರಕ್ಕಿಂತ ಮೊದಲೇ ಸೇರಿಸಬೇಕೆಂದು ಕೋರುತ್ತೇನೆ.

– ಗಣಿತ ಶಿಕ್ಷಕಿ