ನೆವಾ ನದಿಯ ಊರಿಗೆ ಹೊರಟ ಪುಟ್ಟಿಗೆ

ಚಿ. ಪುಟ್ಟಿಗೆ, ದೊಡ್ಡಮ್ಮನ ಆಶೀರ್ವಾದ.

ಡಾಕ್ಟರ್ ಓದಲು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ಗೆ ಹೊರಟಿದ್ದೀಯ. ಸ್ವೆಟರ್, ಉಪ್ಪಿನಕಾಯಿ ಎಲ್ಲ ನಿಮ್ಮಮ್ಮ ನೋಡಿಕೊಳ್ಳುತ್ತಾಳೆ. ನಾನು ಹೇಳುವುದು ಬೇರೆ. ಹೋದವರೆಲ್ಲ ಮೊದಲು ಅರಮನೆ ನೋಡುತ್ತಾರೆ. ನೀನೂ ನೋಡು. ಆದರೆ ಆ ಊರಿನ ಕಥೆಗಳಲ್ಲಿ ನನ್ನ ಮನಸ್ಸಿಗೆ ಹತ್ತಿದವರೆಲ್ಲ ಬಾಡಿಗೆ ಕೋಣೆಯವರೇ.

1703ರಲ್ಲಿ ದೊರೆ ಪೀಟರ್ ಜೌಗು ನೆಲದಲ್ಲಿ ಹಟ ಹಿಡಿದು ಊರು ಕಟ್ಟಿಸಿದ. ಬಲವಂತಕ್ಕೆ ಬಂದ ರೈತರು ಸಾವಿರಾರು ಜನ ಸತ್ತರು. ನದಿ ಸುಮ್ನೆ ಬಿಡುತ್ತದಾ? 1824ರಲ್ಲಿ ನೀರು ನಾಲ್ಕು ಮೀಟರ್‌ಗಿಂತ ಮೇಲೇರಿತು. ಪುಷ್ಕಿನ್‌ನ ಕಾವ್ಯವೊಂದರಲ್ಲಿ ಬಡ ಗುಮಾಸ್ತನೊಬ್ಬ ಆ ಪ್ರವಾಹದಲ್ಲಿ ತಾನು ಮೆಚ್ಚಿದ ಹುಡುಗಿಯನ್ನು ಕಳೆದುಕೊಳ್ಳುತ್ತಾನೆ. ಹುಚ್ಚು ಹಿಡಿದು, ಕುದುರೆ ಏರಿದ ಪೀಟರನ ಕಂಚಿನ ಪ್ರತಿಮೆಗೇ ಬೆದರಿಕೆ ಹಾಕುತ್ತಾನೆ. ಆಮೇಲೆ ಹೆದರಿ ಓಡುತ್ತಾನೆ. ರಾತ್ರಿಯಿಡೀ ಬೆನ್ನ ಹಿಂದೆ ಕುದುರೆ ಗೊರಸಿನ ಸದ್ದು. ಆ ಪ್ರತಿಮೆ ಈಗಲೂ ಇದೆ. ಅಲ್ಲಿ ಫೋಟೊ ತೆಗೆಸಿಕೊಳ್ಳುವಾಗ ಆ ಗುಮಾಸ್ತನನ್ನು ಒಮ್ಮೆ ನೆನೆ.

ಗೊಗೋಲನ ಕಥೆಯೊಂದರ ಅಕಾಕಿಯೂ ಗುಮಾಸ್ತನೇ. ಹೊಸ ಕೋಟು ಹೊಲಿಸಲು ಸಂಜೆಯ ಚಹಾ ಬಿಟ್ಟವನು. ಅಲ್ಲಿನ ಚಳಿ ತಾಗಿದ ದಿನ ಅವನು ನಿನಗೆ ಅರ್ಥವಾಗುತ್ತಾನೆ.

ಅಲ್ಲಿ ತಟ್ಟೆಯಲ್ಲಿ ಬ್ರೆಡ್ ಬಿಡಬೇಡ, ಪುಟ್ಟಿ. 1941ರ ಸೆಪ್ಟೆಂಬರ್‌ನಿಂದ 872 ದಿನ ಆ ಊರಿಗೆ ಜರ್ಮನ್ ಸೈನ್ಯದ ಮುತ್ತಿಗೆ. ಆಗಿನ ಹೆಸರು ಲೆನಿನ್‌ಗ್ರಾಡ್. ಆ ಚಳಿಗಾಲ ಮಕ್ಕಳ ಪಾಲಿಗೆ ದಿನಕ್ಕೆ 125 ಗ್ರಾಂ ಬ್ರೆಡ್. ಹಿಟ್ಟು ಸಾಲದೆ ಅದಕ್ಕೂ ಏನೇನೋ ಬೆರೆಸಿದ್ದರು. ಮೊನ್ನೆ ಅಡುಗೆಮನೆಯಲ್ಲಿ ಮುದ್ದೆ ಮುರಿದು ಅಷ್ಟು ತೂಗಿ ನೋಡಿದೆ. ಒಂದು ಕಿತ್ತಳೆಯಷ್ಟೂ ಆಗಲಿಲ್ಲ. ಇಡೀ ದಿನಕ್ಕೆ ಅಷ್ಟೇ! ಆ ರಾತ್ರಿ ನನಗೆ ಊಟ ಸೇರಲಿಲ್ಲ. ಪಿಸ್ಕಾರ್ಯೋವ್ಸ್ಕೊಯೆ ಸ್ಮಶಾನದಲ್ಲಿ ಸುಮಾರು 5 ಲಕ್ಷ ಜನ ಮಲಗಿದ್ದಾರೆ. ಹೋಗಿ ಹೂವಿಟ್ಟು ಬಾ. ಎರಡಿರಲಿ, ಸತ್ತವರಿಗೆ ಅಲ್ಲಿ ಸರಿಸಂಖ್ಯೆಯಲ್ಲೇ ಇಡುವುದು.

ಆಮೇಲೆ ಸೆನ್ನಾಯ ಚೌಕದ ಕಡೆ ಹೋಗು. ದಾಸ್ತೊಯೆವ್ಸ್ಕಿಯ ಕಾದಂಬರಿಯೊಂದರ ರಾಸ್ಕೋಲ್ನಿಕೋವ್ ತನ್ನ ಕೋಣೆಯಿಂದ ಗಿರವಿ ಮುದುಕಿಯ ಮನೆಗೆ 730 ಹೆಜ್ಜೆ ಅಂತ ಎಣಿಸಿಟ್ಟಿದ್ದು ಆ ಬೀದಿಗಳಲ್ಲೇ. ಅವನೂ ಓದಲು ಬಂದ ಹುಡುಗ ಅಲ್ವಾ? ಕೈಯಲ್ಲಿ ದುಡ್ಡಿಲ್ಲ, ಯಾರ ಜೊತೆಗೂ ಮಾತಿಲ್ಲ. ಆ ಇಕ್ಕಟ್ಟು ಕೋಣೆಯಲ್ಲಿ ಒಬ್ಬನೇ ಬಿದ್ದುಕೊಂಡು ಯೋಚಿಸಿ ಯೋಚಿಸಿಯೇ ಕೊಲೆಯವರೆಗೆ ಹೋದ. ನೀನು ಬೇಜಾರಾದಾಗ ಬಾಗಿಲು ಹಾಕಿಕೊಂಡು ಕೂರಬೇಡ. ನಡುರಾತ್ರಿಯಾದರೂ ಸರಿ, ನನಗೆ ಫೋನ್ ಮಾಡು.

ಗೆಳತಿಯರನ್ನು ಕರೆದುಕೊಂಡು ಆ ದಾರಿಯಲ್ಲಿ ಒಮ್ಮೆ ನಡೆ. ನಿನ್ನ ಕಾಲಿಗೆ ಎಷ್ಟು ಹೆಜ್ಜೆ ಬಂತು ಅಂತ ಬರಿ.

ನಿನ್ನ,
ದೊಡ್ಡಮ್ಮ